19 ನಂಬಬೇಕಾ, 16 ನಂಬಬೇಕಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 31 ವರ್ಷ. ಮೂರು ನಾಲ್ಕು ತಿಂಗಳಿಂದ ತುಂಬಾ ಮಂಕಾಗಿದ್ದಾನೆ. ನಮ್ಮ ಫ್ಯಾಮಿಲಿ ಡಾಕ್ಟರು ಒಂದು ಹಾಳೆ ಕೊಟ್ಟು ಒಂಬತ್ತು ಪ್ರಶ್ನೆಗಳಿಗೆ ಗುರುತು ಹಾಕಿಸಿದರು. 27ಕ್ಕೆ 19 ಬಂತು. "ಸ್ವಲ್ಪ ಜಾಸ್ತಿನೇ ಇದೆ, ಮನೋವೈದ್ಯರನ್ನು ನೋಡಿ" ಅಂದರು. ಹತ್ತು ದಿನ ಬಿಟ್ಟು ಹೋದೆವು. ಅಲ್ಲಿ ಅರ್ಧ ಗಂಟೆ ಮಾತಾಡಿಸಿ, ಹ್ಯಾಮಿಲ್ಟನ್ ಸ್ಕೋರ್ 16, 'ಸೌಮ್ಯ' ಅಂತ ಬರೆದರು. ತಮ್ಮ ಅದನ್ನು ನೋಡಿ "ನನಗೇನೂ ಆಗಿಲ್ಲ, ಇನ್ನು ಬರಲ್ಲ" ಅಂತಿದ್ದಾನೆ. ದಿನಾ ಕೆಲಸಕ್ಕೆ ಹೋಗ್ತಾನೆ, ನಿಜ. ಆದರೆ ರಜೆ ದಿನ ಮಧ್ಯಾಹ್ನ ಎರಡರವರೆಗೂ ಮಲಗಿರುತ್ತಾನೆ. ಆರು ಕೆಜಿ ದಪ್ಪ ಆಗಿದ್ದಾನೆ. ಯಾರ ಫೋನೂ ಎತ್ತಲ್ಲ. ಮನಸ್ಸಿನ ಕಷ್ಟವನ್ನು ಹೀಗೆ ಅಂಕಿಯಲ್ಲಿ ಅಳೆಯೋಕಾಗುತ್ತಾ? ಎರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ ಇರಬಹುದು. ಎರಡು ಹಾಳೆಗಳೂ ಸುಳ್ಳು ಹೇಳಿಲ್ಲ, ಬೇರೆ ಬೇರೆ ವಿಷಯ ಕೇಳಿವೆ ಅಷ್ಟೆ. ಇಷ್ಟು ವ್ಯತ್ಯಾಸ ಯಾಕೆ ಬಂತು ಅನ್ನೋದಕ್ಕೆ ಸುಳಿವು ನಿಮ್ಮ ಪತ್ರದಲ್ಲೇ ಇದೆ: ಮಧ್ಯಾಹ್ನ ಎರಡರವರೆಗಿನ ನಿದ್ದೆ, ಮತ್ತೆ ಆ ಆರು ಕೆಜಿ.

ಮೊದಲ ಡಾಕ್ಟರು ಕೊಟ್ಟಿದ್ದು ಖಿನ್ನತೆ, ಅಂದರೆ ಡಿಪ್ರೆಶನ್, ಅಳೆಯುವ ಪಿಎಚ್‌ಕ್ಯೂ-9 ಇರಬೇಕು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ರೋಗಿಯೇ ತುಂಬುವ ಹಾಳೆ ಅದು. ನಿದ್ದೆ ಬಾರದಿದ್ದರೂ ಅಂಕ, ವಿಪರೀತ ನಿದ್ದೆ ಮಾಡಿದರೂ ಅಂಕ. ಊಟದ್ದೂ ಹಾಗೇ, ಹಸಿವು ಸತ್ತಿದ್ದರೂ ಅಂಕ, ಮಿತಿ ಮೀರಿ ತಿಂದರೂ ಅಂಕ. ನಿಮ್ಮ ತಮ್ಮನಿಗೆ ಇವೆರಡರಲ್ಲೇ ಆರು ಅಂಕ ಬಂದಿದ್ದರೆ ಆಶ್ಚರ್ಯ ಇಲ್ಲ.

ಹ್ಯಾಮಿಲ್ಟನ್ ಸ್ಕೇಲ್ ಕಥೆ ಬೇರೆ. ಅದೂ ಖಿನ್ನತೆಯ ಸ್ಕೇಲೇ, ಆದರೆ ರೋಗಿಯನ್ನು ಮಾತಾಡಿಸಿ ಅಂಕ ಹಾಕುವವರು ಡಾಕ್ಟರು. ಅದನ್ನು ಮ್ಯಾಕ್ಸ್ ಹ್ಯಾಮಿಲ್ಟನ್ ಅನ್ನೋ ಮನೋವೈದ್ಯರು 1960ರಲ್ಲಿ ಪ್ರಕಟಿಸಿದರು. ಅವರ ಮನಸ್ಸಿನಲ್ಲಿದ್ದ ರೋಗಿಗಳು ನಿದ್ದೆಗೆಟ್ಟು, ಊಟ ಬಿಟ್ಟು, ಸೊರಗಿ ಬರುತ್ತಿದ್ದವರು. ಹಾಗಾಗಿ 17 ಅಂಶಗಳಲ್ಲಿ ಮೂರು ನಿದ್ರಾಹೀನತೆಗೇ ಮೀಸಲು: ಮಲಗಿದ ಮೇಲೆ ನಿದ್ದೆ ಹತ್ತಲ್ಲ, ನಡುರಾತ್ರಿ ಎಚ್ಚರ ಆಗುತ್ತೆ, ಬೆಳಗಿನ ಜಾವವೇ ಎಚ್ಚರ ಆಗಿ ಮತ್ತೆ ನಿದ್ದೆ ಬರಲ್ಲ. ಒಂದೊಂದಕ್ಕೆ ಎರಡೆರಡು ಅಂಕ. ಹಸಿವು ಕಡಿಮೆ ಆಗಿದ್ದಕ್ಕೆ ಎರಡು, ತೂಕ ಇಳಿದಿದ್ದಕ್ಕೆ ಎರಡು. ಅಲ್ಲಿಗೆ ಹತ್ತಾಯಿತು. ಹೊತ್ತೇರಿದರೂ ಏಳಲಾಗದೆ ಮಲಗಿರುವ, ಬೇಜಾರಿಗೆ ತಿಂದು ತೂಕ ಏರಿಸಿಕೊಂಡ ನಿಮ್ಮ ತಮ್ಮನಂಥವರಿಗೆ ಈ ಹತ್ತು ಅಂಕಗಳಲ್ಲಿ ಸಿಗೋದು ಸೊನ್ನೆ. ಒಟ್ಟು 52 ಅಂಕದ ಸ್ಕೇಲ್‌ನಲ್ಲಿ ಅವನು 42ಕ್ಕೇ ಆಡಿದ ಹಾಗೆ. ಅಷ್ಟರಲ್ಲೂ 16 ಬಂದಿದೆ. ಹೀಗೆ ನೋಡಿದರೆ ಅದು ಸಣ್ಣ ಅಂಕಿ ಅನ್ನಿಸುತ್ತಾ?

'ಸೌಮ್ಯ' ಅನ್ನೋ ಪದದ ವಿಷಯ ಇನ್ನೂ ತಮಾಷೆಯಾಗಿದೆ. ಹ್ಯಾಮಿಲ್ಟನ್ ಅಂಕಗಳಿಗೆ ಗೆರೆ ಎಳೆಯುವುದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಒಂದು ಪಟ್ಟಿಯ ಪ್ರಕಾರ 8ರಿಂದ 16 ಸೌಮ್ಯ, 17ರಿಂದ 23 ಮಧ್ಯಮ, 24 ಮತ್ತು ಮೇಲೆ ತೀವ್ರ. ಇನ್ನೊಂದು ಪಟ್ಟಿಯಲ್ಲಿ 8ರಿಂದ 13 ಮಾತ್ರ ಸೌಮ್ಯ, 14ರಿಂದ ಮಧ್ಯಮ, 19ರಿಂದಲೇ ತೀವ್ರ. ಅಂದರೆ ಅದೇ 16, ಅದೇ ಮನುಷ್ಯ, ಅದೇ ದಿನ. ಗೋಡೆ ಮೇಲೆ ಅಂಟಿಸಿದ ಪಟ್ಟಿ ಬೇರೆಯಾಗಿದ್ದರೆ ನಿಮ್ಮ ತಮ್ಮನ ಚೀಟಿಯಲ್ಲಿ 'ಮಧ್ಯಮ' ಅಂತ ಇರುತ್ತಿತ್ತು. ಇದನ್ನು ಅವನಿಗೆ ಹೇಳಿ. ಆ ಒಂದು ಪದವನ್ನು ಹಿಡಿದುಕೊಂಡು ಚಿಕಿತ್ಸೆ ಬೇಡ ಅಂತಿದ್ದಾನಲ್ಲ, ಅದಕ್ಕೆ.

ಹಾಗಂತ 19 ಅನ್ನೂ ಕಣ್ಣುಮುಚ್ಚಿ ನಂಬಬೇಡಿ. ಪಿಎಚ್‌ಕ್ಯೂ-9ರಲ್ಲಿ 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಮಧ್ಯಮಕ್ಕಿಂತ ಜಾಸ್ತಿ, 20ರಿಂದ ತೀವ್ರ. ಈ ಗೆರೆಗಳ ಬಗ್ಗೆ ಹೆಚ್ಚು ಜಗಳ ಇಲ್ಲ. ಆದರೆ ಅದು ಕೇಳೋದು 'ಕಳೆದ ಎರಡು ವಾರದಲ್ಲಿ ಎಷ್ಟು ದಿನ' ಅಂತ. 'ಎಷ್ಟು ಜೋರಾಗಿ' ಅಂತ ಅಲ್ಲ. ದಿನಾ ಸಣ್ಣಗೆ ಬೇಜಾರಾಗುವವರಿಗೆ ಮೂರು ಅಂಕ. ವಾರದಲ್ಲಿ ಎರಡೇ ದಿನ, ಆದರೆ ಆ ಎರಡು ದಿನ ಹಾಸಿಗೆಯಿಂದ ಏಳಲಾಗದಷ್ಟು ಕುಸಿಯುವವರಿಗೆ ಒಂದೇ ಅಂಕ.

ಇನ್ನೂ ಒಂದು ಲೆಕ್ಕ ನೋಡಿ. ನಿದ್ದೆ, ಸುಸ್ತು, ಊಟ, ಏಕಾಗ್ರತೆ, ಚಲನೆಯಲ್ಲಿ ನಿಧಾನ ಅಥವಾ ಚಡಪಡಿಕೆ. ಈ ಐದರಲ್ಲೂ ಪೂರ್ತಿ ಅಂಕ ಬಂದರೆ 15. ದುಃಖಕ್ಕೆ ಸೊನ್ನೆ, ನಿರಾಸಕ್ತಿಗೆ ಸೊನ್ನೆ, ಆದರೂ 15! ಥೈರಾಯ್ಡ್ ಕೈಕೊಟ್ಟವರು, ರಕ್ತಹೀನತೆ ಇರುವವರು ಈ ಹಾಳೆ ತುಂಬಿದರೆ ಹೀಗಾಗಬಹುದು. ಅದನ್ನು ಖಿನ್ನತೆ ಅನ್ನೋಕೆ ಬರಲ್ಲ. ಎರಡು ವಾರ ಬಿಡದೆ ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಉಳಿದಿರಬಾರದು. ಇವೆರಡರಲ್ಲಿ ಒಂದಾದರೂ ಇರಲೇಬೇಕು, ಉಳಿದದ್ದೆಲ್ಲ ಆಮೇಲೆ. ಅದಕ್ಕೇ ಹೇಳೋದು, ಅಂಕಿ ಕೂಡುವ ಮುಂಚೆ ರೋಗ ಹೌದೋ ಅಲ್ಲವೋ ಅಂತ ಒಬ್ಬರು ಕೂತು ನೋಡಬೇಕು. ಹ್ಯಾಮಿಲ್ಟನ್ ತಮ್ಮ ಸ್ಕೇಲ್ ಬಗ್ಗೆಯೂ ಇದನ್ನೇ ಹೇಳಿದ್ದರು. ಖಿನ್ನತೆ ಇದೆ ಅಂತ ಗೊತ್ತಾದವರಲ್ಲಿ ಅದು ಎಷ್ಟಿದೆ ಅಂತ ಅಳೆಯೋಕೆ ಇದು, ಇದೆಯೋ ಇಲ್ಲವೋ ಅಂತ ಹುಡುಕೋಕೆ ಅಲ್ಲ.

ನಾನು ಸ್ಕೇಲ್‌ಗಳ ವಿರೋಧಿ ಅಲ್ಲ, ದಿನಾ ಬಳಸುತ್ತೇನೆ. ಹ್ಯಾಮಿಲ್ಟನ್ ಸ್ಕೇಲ್‌ನ ಮೊದಲ ಅಂಶ ಅಂದರೆ ನನಗೆ ಈಗಲೂ ಇಷ್ಟ. ರೋಗಿಯ ದುಃಖಕ್ಕೆ ಅಂಕ ಕೊಡಬೇಕು. ಕೇಳಿದರೆ ಮಾತ್ರ "ಹೌದು, ಬೇಜಾರಿದೆ" ಅಂದರೆ ಒಂದು. ಕೇಳದೆಯೇ ತಾವಾಗಿ ಹೇಳಿಕೊಂಡರೆ ಎರಡು. ಮಾತೇ ಬೇಡ, ಮುಖ, ಕೂತ ಭಂಗಿ, ದನಿ, ಕಣ್ಣೀರಲ್ಲೇ ಗೊತ್ತಾಗುತ್ತಿದ್ದರೆ ಮೂರು. ಹೇಳುವುದರಲ್ಲೂ ತೋರುವುದರಲ್ಲೂ ಅದೊಂದೇ ತುಂಬಿಕೊಂಡು ಬೇರೇನೂ ಉಳಿದಿಲ್ಲ ಅಂದರೆ ನಾಲ್ಕು. ಇದು ಸುಮ್ನೆ ಮೇಜಿನ ಮುಂದೆ ಕೂತು ಬರೆದದ್ದಲ್ಲ, ನೂರಾರು ಜನರ ಎದುರು ಕೂತವರು ಬರೆದದ್ದು ಅಂತ ಓದಿದ ಕೂಡಲೇ ತಿಳಿಯುತ್ತದೆ. ಆದರೆ ಇದಕ್ಕೆ ಅಂಕ ಹಾಕುವವರ ಕಣ್ಣು ಪಳಗಿರಬೇಕು. ಹೊಸಬರು ಹಾಕಿದ 16, ಅನುಭವ ಇದ್ದವರು ಹಾಕಿದ 16 ಒಂದೇ ಅಲ್ಲ. ಅರ್ಧ ಗಂಟೆ ಮಾತಾಡಿಸಿದ್ದಾರೆ ಅಂತ ಬರೆದಿದ್ದೀರಿ, ಅದು ಒಳ್ಳೆ ಲಕ್ಷಣ. ಹತ್ತೇ ನಿಮಿಷದಲ್ಲಿ 17 ಅಂಶ ಮುಗಿಸಿದ್ದರೆ ನಾನು ಆ ಅಂಕಿಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ರೋಗಿಯೇ ತುಂಬುವ ಹಾಳೆಯಲ್ಲಿ ಅಂಕಿಗಿಂತ ಹಾಳೆಯೇ ಎಷ್ಟೋ ಸಲ ಜಾಸ್ತಿ ಹೇಳುತ್ತದೆ. ಹಲವು ವರ್ಷದ ಹಿಂದೆ ಒಬ್ಬರು ಬಂದಿದ್ದರು, ಲೆಕ್ಕಪತ್ರದ ಕೆಲಸದಲ್ಲಿದ್ದವರು. ನೀಟಾದ ಮನುಷ್ಯ. ಪೆನ್ಸಿಲ್‌ನಲ್ಲಿ ಒಂದೊಂದೇ ಚೌಕಕ್ಕೆ ಗುರುತು ಹಾಕಿ ಕೊಟ್ಟರು. ಕೂಡಿದರೆ ಎಂಟು. ಸೌಮ್ಯ, ಅಲ್ವಾ? ಫೈಲಿಗೆ ಸೇರಿಸೋಕೆ ಹೊರಟವನು ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತನೇ ಪ್ರಶ್ನೆಯ ಹತ್ತಿರ ಕಾಗದ ಸ್ವಲ್ಪ ಸವೆದಿತ್ತು. ಮೊದಲು 'ಅರ್ಧಕ್ಕಿಂತ ಜಾಸ್ತಿ ದಿನ' ಅನ್ನೋ ಚೌಕಕ್ಕೆ ಗುರುತು ಹಾಕಿ, ರಬ್ಬರ್‌ನಲ್ಲಿ ಅಳಿಸಿ, 'ಇಲ್ಲವೇ ಇಲ್ಲ' ಅನ್ನೋದಕ್ಕೆ ಹಾಕಿದ್ದರು. ಹಾಳೆಯನ್ನು ಅವರ ಮುಂದಿಟ್ಟು "ಇಲ್ಲಿ ಏನೋ ಯೋಚನೆ ಮಾಡಿದ ಹಾಗಿದೆ" ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ಬರೆದರೆ ಮನೆಯವರಿಗೆ ಗೊತ್ತಾಗುತ್ತೆ ಅಂತ" ಅಂದರು. ಆ ದಿನ ಅವರನ್ನು ಮನೆಗೆ ಒಬ್ಬರನ್ನೇ ಕಳಿಸಲಿಲ್ಲ.

ಒಂಬತ್ತನೇ ಪ್ರಶ್ನೆ ಏನು ಅಂತ ನಿಮಗೆ ಗೊತ್ತಿರಬೇಕು. ಸತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿದೆಯಾ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನೋದು. ಕೂಡುವಾಗ ಇದಕ್ಕೂ ನಿದ್ದೆಗೂ ಒಂದೇ ತೂಕ. ಚಿಕಿತ್ಸೆ ಮಾಡುವವರಿಗೆ ಹಾಗಲ್ಲ. ಒಟ್ಟು ಸ್ಕೋರ್ ಆರೇ ಇದ್ದರೂ ಈ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಅಲ್ಲೇ ನಿಂತು ಮಾತಾಡಲೇಬೇಕು. ನಾನು ಮೆಲ್ಲಗೆ ಮೆಟ್ಟಿಲು ಇಳಿದ ಹಾಗೆ ಕೇಳುತ್ತೇನೆ. ಬದುಕು ಸಾಕಪ್ಪ ಅನ್ನಿಸುತ್ತಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ? ಅದಕ್ಕೆ ಏನಾದರೂ ತಯಾರಿ ಮಾಡಿಕೊಂಡಿದ್ದೀರಾ? ಹಿಂದೆ ಯಾವತ್ತಾದರೂ ಪ್ರಯತ್ನ ಆಗಿತ್ತಾ? ಕೆಳಗಿನ ಮೆಟ್ಟಿಲಲ್ಲಿ 'ಹೌದು' ಬಂದಷ್ಟೂ ಅಪಾಯ ಜಾಸ್ತಿ. ಹಿಂದೆ ಪ್ರಯತ್ನ ಆಗಿದ್ದರಂತೂ ತುಂಬಾನೇ ಎಚ್ಚರ ಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗಲ್ಲ. ಯಾರಾದರೂ ಕೇಳಿದರಲ್ಲ ಅಂತ ಉಸಿರು ಬಿಟ್ಟವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಹಾಗಾಗಿ ನಾನು ತೀವ್ರತೆಯನ್ನು ಮತ್ತು ಅಪಾಯವನ್ನು ಬೇರೆ ಬೇರೆಯಾಗಿ ಬರೆಯುತ್ತೇನೆ. ಎರಡನ್ನೂ ಒಂದೇ ಅಂಕಿಯಲ್ಲಿ ತುರುಕೋದು ನನಗೆ ಒಪ್ಪಿಗೆಯಾಗಲ್ಲ.

ಇನ್ನು ನೀವು ಹೇಳಿದ "ದಿನಾ ಕೆಲಸಕ್ಕೆ ಹೋಗ್ತಾನೆ" ಅನ್ನೋ ಮಾತು. ತೀವ್ರತೆ ಅಳೆಯುವಾಗ ಲಕ್ಷಣಗಳ ಜೊತೆಗೆ ದಿನನಿತ್ಯದ ಬದುಕು ಎಷ್ಟು ಕೆಟ್ಟಿದೆ ಅಂತಲೂ ನೋಡುತ್ತೇವೆ. ಎಲ್ಲಾ ಕೆಲಸ ಆಗುತ್ತಿದೆ ಆದರೆ ಕಷ್ಟಪಟ್ಟು ಆಗುತ್ತಿದೆ ಅಂದರೆ ಸೌಮ್ಯ. ಕೆಲವು ನಿಂತೇ ಹೋಗಿವೆ ಅಂದರೆ ಮಧ್ಯಮ. ಬಹುತೇಕ ಎಲ್ಲಾ ನಿಂತಿದೆ ಅಂದರೆ ತೀವ್ರ. ಇದು ಒರಟು ಲೆಕ್ಕ, ಆದರೆ ಉಪಯೋಗಕ್ಕೆ ಬರುತ್ತದೆ. ತೊಡಕು ಎಲ್ಲಿ ಅಂದರೆ ಎಷ್ಟೋ ಜನರಲ್ಲಿ ಕಟ್ಟಕಡೆಗೆ ನಿಲ್ಲುವುದೇ ನೌಕರಿ. ಮೊದಲು ಹೋಗುವುದು ಸ್ನೇಹಿತರು. ಆಮೇಲೆ ಹವ್ಯಾಸ. ಆಮೇಲೆ ಫೋನ್ ಎತ್ತೋದು, ಬಟ್ಟೆ ಒಗೆಯೋದು, ಸ್ನಾನ. ಸಂಬಳ ತರುವ ಕೆಲಸವನ್ನು ಮಾತ್ರ ಹಲ್ಲುಕಚ್ಚಿ ಹಿಡಿದುಕೊಂಡಿರುತ್ತಾರೆ. ಐದು ದಿನ ಹೀಗೆ ಎಳೆದು ರಜೆ ಬಂದ ಕೂಡಲೇ ಹಗಲೆಲ್ಲಾ ಮಲಗುವುದು ಸೋಮಾರಿತನ ಅಲ್ಲ. ಆ ಐದು ದಿನ ಕೆಲಸ ಹೇಗೆ ನಡೆದಿದೆ ಅನ್ನೋದಕ್ಕೆ ಅದೇ ಲೆಕ್ಕ.

ಹಾಗಾಗಿ "ಕೆಲಸಕ್ಕೆ ಹೋಗ್ತೀರಾ?" ಅಂತ ಕೇಳೋದರಲ್ಲಿ ಅರ್ಥ ಇಲ್ಲ. "ಹೋದ ರಜೆ ದಿನ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ" ಅಂತ ನಾನು ಕೇಳುತ್ತೇನೆ. "ಮುಂಚೆ ಮಾಡುತ್ತಿದ್ದದ್ದು, ಈಗ ಬಿಟ್ಟಿರೋದು ಏನು?" ಅಂತಲೂ. ಆಸಕ್ತಿ ಇದೆಯಾ ಅಂತ ನೇರವಾಗಿ ಕೇಳಿದರೆ ಎಲ್ಲರೂ "ಪರವಾಗಿಲ್ಲ" ಅಂತಲೇ ಹೇಳುತ್ತಾರೆ. ದಿನದ ಕಥೆ ಹೇಳಿಸಿದರೆ ಅದರಲ್ಲಿ ಬಿದ್ದಿರುವ ತೂತುಗಳು ತಾವಾಗೇ ಕಾಣುತ್ತವೆ.

ಅಂಕಿ ಏನೇ ಹೇಳಲಿ, ಕೆಲವು ಸಂಗತಿ ಇದ್ದರೆ ನಾನು ನೇರವಾಗಿ ತೀವ್ರ ಅಂತಲೇ ತಗೋತೀನಿ. ಊಟ ನೀರು ಬಿಟ್ಟಿರುವುದು. ಮಾತು ನಿಂತು ಕಲ್ಲಿನ ಹಾಗೆ ಕೂತಿರುವುದು. ಇಲ್ಲದ ತಪ್ಪಿಗೆ ತನಗೆ ಶಿಕ್ಷೆ ಆಗುತ್ತಿದೆ, ಎಲ್ಲಾ ದಿವಾಳಿ ಆಯಿತು, ಹೊಟ್ಟೆಯೊಳಗೆ ಕೊಳೆತು ಹೋಗಿದೆ ಅನ್ನುವಂಥ ಭ್ರಮೆ, ಯಾರು ಎಷ್ಟು ತಿಳಿಹೇಳಿದರೂ ಅಲುಗಾಡದ ನಂಬಿಕೆ. ಒಂಬತ್ತು ಪ್ರಶ್ನೆಯ ಹಾಳೆಯಲ್ಲಿ ಭ್ರಮೆಗೆ ಚೌಕವೇ ಇಲ್ಲ. ಅತಿ ತೀವ್ರ ಖಿನ್ನತೆ ಇರುವವರು ಆ ಹಾಳೆಯನ್ನು ತುಂಬುವುದೂ ಇಲ್ಲ. ಪೆನ್ನು ಕೈಯಲ್ಲಿ ಹಿಡಿದು ಮೊದಲ ಸಾಲನ್ನೇ ನೋಡುತ್ತಾ ಕೂತಿರುತ್ತಾರೆ. ಖಾಲಿ ಹಾಳೆ ಅಂದರೆ ಸೊನ್ನೆ ಅಂಕ ಅಂತ ಅಲ್ಲವಲ್ಲ. ಇಂಥವರಿಗೆ ಆಸ್ಪತ್ರೆಯ ದಾಖಲಾತಿ ಬೇಕಾಗಬಹುದು. ವಿದ್ಯುತ್ ಚಿಕಿತ್ಸೆ, ಅಂದರೆ ಇಸಿಟಿ, ಹೆಚ್ಚು ಕೆಲಸ ಮಾಡುವುದೂ ಇಂಥವರಲ್ಲೇ.

ಯಾರಿಗೆ ಯಾವ ಸ್ಕೇಲ್ ಅನ್ನೋದೂ ಮುಖ್ಯ. ಹೆರಿಗೆ ಆದವರಿಗೆ ನಿದ್ದೆ ಹೇಗೂ ಇರಲ್ಲ, ಅದಕ್ಕೆ ಅಂಕ ಕೊಟ್ಟರೆ ಎಲ್ಲಾ ಬಾಣಂತಿಯರೂ ರೋಗಿಗಳೇ! ಅದಕ್ಕೇ 1987ರಲ್ಲಿ ಬಂದ ಎಡಿನ್‌ಬರೋ ಸ್ಕೇಲ್ ಸುಸ್ತು, ಹಸಿವು ಇಂಥದ್ದನ್ನು ಬಿಟ್ಟು ಮನಸ್ಸಿನ ಸ್ಥಿತಿಯನ್ನೇ ಕೇಳುತ್ತದೆ, ನಿದ್ದೆಯನ್ನೂ ದುಃಖದಿಂದ ಕೆಟ್ಟಿದೆಯಾ ಅಂತ ಮಾತ್ರ. ವಯಸ್ಸಾದವರಿಗೆ ಹೌದು-ಇಲ್ಲ ಅಂತ ಉತ್ತರಿಸುವ ಬೇರೆ ಸ್ಕೇಲ್ ಇದೆ. ಮನೋವೈದ್ಯ ಆರನ್ ಬೆಕ್ ಅವರ 21 ಪ್ರಶ್ನೆಯ ಸ್ಕೇಲ್ ಅನ್ನು ಕೌನ್ಸೆಲಿಂಗ್ ಮಾಡುವವರು ಇಷ್ಟಪಡುತ್ತಾರೆ, ಅದು ಸ್ವಯಂನಿಂದೆ, ನಿರಾಶೆ ಇಂಥ ಯೋಚನೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಔಷಧಿಯಿಂದ ಎಷ್ಟು ಬದಲಾಗಿದೆ ಅಂತ ನೋಡೋಕೆ 1979ರ ಮಾಂಟ್‌ಗೋಮರಿ-ಓಸ್ಬೆರಿ ಸ್ಕೇಲ್ ಇದೆ. ಅದರಲ್ಲಿ ಹತ್ತು ಅಂಶ, ಒಟ್ಟು 60. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಾರದು. 19ರಿಂದ 16 ಕಳೆದು ಮೂರು ಅಂಕ ಇಳಿದಿದೆ ಅಂತ ನಿಮ್ಮ ತಮ್ಮ ಅಂದುಕೊಂಡಿದ್ದರೆ, ಕೆಜಿಯಿಂದ ಲೀಟರ್ ಕಳೆದ ಹಾಗಾಯಿತು.

ಅಂಕಿಯ ನಿಜವಾದ ಉಪಯೋಗ ಇರುವುದು ಮುಂದಕ್ಕೆ. ಅದೇ ಸ್ಕೇಲ್, ಸಾಧ್ಯವಾದರೆ ಅದೇ ವ್ಯಕ್ತಿ, ದಿನದ ಅದೇ ಹೊತ್ತು. ಹೊತ್ತು ಯಾಕೆ ಅಂದರೆ ಕೆಲವರಿಗೆ ಬೆಳಗ್ಗೆ ತುಂಬಾ ಭಾರ ಇದ್ದು ಸಂಜೆಗೆ ಹಗುರ ಆಗುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಅಳೆದರೆ ದಾರಿ ಕಾಣುತ್ತದೆ. ಪಿಎಚ್‌ಕ್ಯೂ-9ರಲ್ಲಿ ಐದು ಅಂಕ ಇಳಿದರೆ ಅದು ನಿಜವಾದ ಬದಲಾವಣೆ. ಒಂದೆರಡು ಅಂಕ ಏರಿಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಶುರುವಿನ ಅಂಕ ಅರ್ಧಕ್ಕೆ ಬಂದರೆ ಚಿಕಿತ್ಸೆ ಹಿಡಿಸಿದೆ ಅನ್ನುತ್ತೇವೆ. ಐದಕ್ಕಿಂತ ಕೆಳಗೆ ಬಂದರೆ ಪೂರ್ತಿ ಚೇತರಿಕೆ. ಹ್ಯಾಮಿಲ್ಟನ್‌ನಲ್ಲಿ ಅದು ಏಳು ಅಥವಾ ಕಡಿಮೆ. ಅರ್ಧಕ್ಕೆ ಬಂತು ಅಂತ ಅಲ್ಲೇ ಬಿಟ್ಟವರಿಗೆ ಮರುಕಳಿಸುವುದು ಜಾಸ್ತಿ.

ನಿಮ್ಮ ತಮ್ಮನಿಗೆ ಬರೋಣ. ನಾನು ಅವನನ್ನು ನೋಡಿಲ್ಲ, ನೋಡದೆ ತೀರ್ಪು ಕೊಡಲ್ಲ. ನೀವು ಬರೆದಷ್ಟರ ಮೇಲೆ ಹೇಳುವುದಾದರೆ ಇದು ಸೌಮ್ಯ ಅಂತ ನನಗೆ ಅನ್ನಿಸುತ್ತಿಲ್ಲ, ಮಧ್ಯಮ ಅನ್ನಿಸುತ್ತದೆ. ಹಾಗಿದ್ದರೆ ಮಾತಿನ ಚಿಕಿತ್ಸೆ ಅಥವಾ ಔಷಧಿ, ಕೆಲವು ಸಲ ಎರಡೂ ಬೇಕಾಗುತ್ತದೆ. ಔಷಧಿ ಶುರು ಮಾಡುವ ಮುಂಚೆ ಒಂದು ವಿಷಯ ತಪ್ಪದೆ ಡಾಕ್ಟರಿಗೆ ಹೇಳಿ. ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ದೆ ಇಲ್ಲದೆಯೂ ಸುಸ್ತಾಗದೆ, ವಿಪರೀತ ಉತ್ಸಾಹ, ಜೋರು ಮಾತು, ಕಂಡಾಪಟ್ಟೆ ಖರ್ಚು ಅಂತ ಇದ್ದನಾ? ಇದ್ದರೆ ಬೈಪೋಲಾರ್ (ಅತಿ ಉತ್ಸಾಹ, ಅತಿ ಕುಗ್ಗುವಿಕೆ ಎರಡೂ ಬರುವ ಕಾಯಿಲೆ) ಇರಬಹುದು, ಔಷಧಿಯ ದಾರಿಯೇ ಬದಲಾಗುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ನಿದ್ದೆ ಮತ್ತು ತೂಕ ಎರಡೂ ಏರಿರುವುದರಿಂದ ಅದು ಬೇಕೇ ಬೇಕು. ಕುಡಿತ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಅವನ ಹತ್ತಿರ ಅಂಕಿಯ ಜಗಳಕ್ಕೆ ಹೋಗಬೇಡಿ. "ನಿನಗೆ 19 ಬಂದಿದೆ" ಅಂದರೆ ಅವನು "16 ಬಂದಿದೆ" ಅಂತಾನೆ, ಅಲ್ಲಿಗೆ ಮುಗೀತು. "ನೀನು ಮುಂಚೆ ನನಗೆ ಫೋನ್ ಮಾಡ್ತಿದ್ದೆ, ಈಗ ನಾನು ಮಾಡಿದರೂ ಎತ್ತಲ್ಲ" ಅನ್ನಿ. ಅದಕ್ಕೆ ಅವನ ಹತ್ತಿರ ಎದುರು ಅಂಕಿ ಇಲ್ಲ. ಆದರೂ ಬರಲ್ಲ ಅಂದರೆ ಮುಂದಿನ ಭೇಟಿಗೆ ನೀವೊಬ್ಬರೇ ಹೋಗಿ. ಮನೆಯವರು ಹೇಳಿದ್ದನ್ನು ಕೇಳಿಸಿಕೊಳ್ಳದ ಮನೋವೈದ್ಯರು ಕಡಿಮೆ. ಮೂರು ನಾಲ್ಕು ತಿಂಗಳಲ್ಲಿ ಅವನು ಏನೇನು ಬಿಟ್ಟಿದ್ದಾನೆ ಅಂತ ಅರ್ಧ ಪುಟ ಬರೆದುಕೊಂಡು ಹೋಗಿ, ತಾರೀಖು ನೆನಪಿದ್ದರೆ ಹಾಕಿ.

ಮೊದಲ ಡಾಕ್ಟರ ಹತ್ತಿರ ತುಂಬಿದ ಆ ಹಾಳೆಯ ಪ್ರತಿಯನ್ನೂ ಕೇಳಿ ತರಿಸಿಕೊಳ್ಳಿ. ನೀವು 19 ಅಂತ ಬರೆದಿದ್ದೀರಿ, ಒಂಬತ್ತನೇ ಪ್ರಶ್ನೆಗೆ ಅವನು ಏನು ಹಾಕಿದ್ದ ಅಂತ ಬರೆದಿಲ್ಲ. ಅದು ಸೊನ್ನೆ ಅಲ್ಲದಿದ್ದರೆ ಮುಂದಿನ ಭೇಟಿಯ ದಿನದವರೆಗೆ ಕಾಯಬೇಡಿ, ಇವತ್ತೇ ಮನೋವೈದ್ಯರಿಗೆ ಫೋನ್ ಮಾಡಿ. ಹೇಗೆ, ಯಾವಾಗ ಅಂತ ಯೋಚಿಸಿದ್ದಾನೆ ಅಂತ ಗೊತ್ತಾದರೆ ಅವನನ್ನು ಒಬ್ಬನೇ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.